ಲಿಂಗನಮಕ್ಕಿ ಎಷ್ಟು ತುಂಬಿದರೆ ಜೋಗ ಧುಮ್ಮಿಕ್ಕುತ್ತದೆ?

ಓದುಗರ ಪ್ರಶ್ನೆ: ಜುಲೈಯಲ್ಲಿ ಜಡಿಮಳೆ ಸುರಿಯುತ್ತಿದ್ದರೂ ಜೋಗ ಕೆಲವೊಮ್ಮೆ ಸೊರಗಿರುತ್ತದೆ. ಡ್ಯಾಮಿನ ಮಟ್ಟ ನೋಡಿ ಹೊರಡುವ ದಿನ ಗೊತ್ತುಮಾಡಿಕೊಳ್ಳಬಹುದೇ?

ಖಂಡಿತ, ಆದರೆ ಅಡಿ ಎಣಿಸಿದರಷ್ಟೇ ಸಾಲದು. ಜೋಗಕ್ಕಿಂತ ಸುಮಾರು 6 ಕಿ.ಮೀ. ಮೇಲೆ, 1964ರಲ್ಲಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಶರಾವತಿ ನದಿಯನ್ನು ತಡೆದು ನಿಲ್ಲಿಸಿದೆ. ಗೇಟು ಮುಚ್ಚಿರುವಾಗ ಜಲಪಾತಕ್ಕೆ ಸಿಗುವುದು ಮುಖ್ಯವಾಗಿ ಅಣೆಕಟ್ಟಿನ ಕೆಳಗಿನ ಹಳ್ಳಗಳ ನೀರು. ಅಣೆಕಟ್ಟಿನ ಮೇಲ್ಭಾಗದ ಹೊಸನಗರದ ಕಡೆ ಎಷ್ಟೇ ಹೊಯ್ದರೂ ಅದು ಹಿನ್ನೀರಿಗೆ ಸೇರುತ್ತದೆ, ಅಲ್ಲಿಂದ ತಳಕಳಲೆ ಜಲಾಶಯದ ಮೂಲಕ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಹೋಗುತ್ತದೆ. ಬೇಸಿಗೆಯ ಕರೆಂಟಿಗೆ ಕೂಡಿಡಬೇಕಾದ ನೀರನ್ನು ನೋಟಕ್ಕೆಂದು ಬಿಡಲಾಗದು. ಅದು ಸರಿಯಾದ ನಿರ್ಧಾರವೂ ಹೌದು.

ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ, ಸಂಗ್ರಹ ಸುಮಾರು 151 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಪತ್ರಿಕೆಯಲ್ಲಿ 1,810 ಅಡಿ ಎಂದು ಓದಿ 'ಇನ್ನು ಒಂಬತ್ತೇ ಅಡಿ' ಎಂದುಕೊಂಡರೆ ಮೋಸಹೋಗುತ್ತೀರಿ. ಕಣಿವೆ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ. ತುಂಬಿದಾಗ ನೀರು ಹರಡಿಕೊಳ್ಳುವುದು 300 ಚದರ ಕಿ.ಮೀ.ಗೂ ಹೆಚ್ಚು, ಅಂದರೆ ಕೊನೆಯ ಒಂದೊಂದು ಅಡಿಗೂ ಸುಮಾರು 3 ಟಿಎಂಸಿ ಬೇಕು. ಒಂದು ಟಿಎಂಸಿ ಎಂದರೆ 11,574 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಹರಿವು ಇಡೀ ದಿನ ಬಂದಷ್ಟು. ಒಳಹರಿವಿನಲ್ಲಿ ಹೊರಹರಿವು ಕಳೆದು 35,000 ಕ್ಯುಸೆಕ್ ಉಳಿದರೆ ದಿನಕ್ಕೆ ಅಂದಾಜು ಒಂದು ಅಡಿ ಏರುತ್ತದೆ. ಒಂಬತ್ತು ಅಡಿಗೆ ಒಂಬತ್ತು ದಿನ, ಅದೂ ಮಳೆ ಬಿಡುವು ಕೊಡದಿದ್ದರೆ. ಒಳಹರಿವು 15,000ಕ್ಕೆ ಇಳಿದರೆ ಮೂರು ವಾರವೂ ಸಾಲದಿರಬಹುದು.

ಗೇಟು ತೆರೆಯಲು 1,819 ಮುಟ್ಟಲೇಬೇಕೆಂದಿಲ್ಲ. ಮಟ್ಟ ಹತ್ತಿರವಿದ್ದು ಒಳಹರಿವು ಜೋರಾದರೆ ಮೊದಲೇ ಬಿಡುತ್ತಾರೆ. ಅದಕ್ಕೂ ಮುಂಚೆ ನದಿಪಾತ್ರದ ಜನರಿಗೆ ಎಚ್ಚರಿಕೆ ಪ್ರಕಟವಾಗುತ್ತದೆ. ಹೊರಡಲು ನಂಬಬಹುದಾದ ಸೂಚನೆ ಅದೇ. ಆ ದಿನಗಳಲ್ಲಿ ಅಣೆಕಟ್ಟಿನ ಕೆಳಗೆ ನದಿಗಿಳಿಯಬೇಡಿ, ಬಂಡೆಯ ಮೇಲೂ ಕೂರಬೇಡಿ.

ಹಿನ್ನೀರಿನ ಆಟಕ್ಕೆ ಕಾಲ ಬೇರೆ. ಹೊನ್ನೆಮರಡುವಿನಲ್ಲಿ ತೆಪ್ಪ, ಕಯಾಕ್ ನಡೆಸಲು ಮಳೆ ನಿಂತ ಮೇಲಿನ ನವೆಂಬರ್‌ನಿಂದ ಜನವರಿ ಒಳ್ಳೆಯದು: ನೀರು ತುಂಬಿರುತ್ತದೆ, ಗಾಳಿ ಕಡಿಮೆ. ಮುಳುಗಡೆಯಾದ ಕಾಡಿನ ಬೊಡ್ಡೆಗಳು ನೀರಿನಡಿ ಇನ್ನೂ ಇವೆ, ಈಜು ಬಂದರೂ ಲೈಫ್ ಜಾಕೆಟ್ ಬಿಚ್ಚಬಾರದು. ನೀರು ಬಹಳ ಇಳಿದ ಬೇಸಿಗೆಯಲ್ಲಿ ಹಿನ್ನೀರಿನಲ್ಲಿ ಮುಳುಗಿರುವ ಹಳೆಯ ಹಿರೇಭಾಸ್ಕರ ಅಣೆಕಟ್ಟು, ಊರವರ ಬಾಯಲ್ಲಿ ಮಡೆನೂರು ಡ್ಯಾಮು, ತಲೆಯೆತ್ತುತ್ತದೆ. ನೋಡಲೇಬೇಕಾದ ಕಟ್ಟಡ. ಆದರೆ ಆಗತಾನೇ ನೀರು ಸರಿದ ದಂಡೆಯ ಕೆಸರು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ, ಕಾರು ಇಳಿಸಿದರೆ ಹೂತುಕೊಳ್ಳುತ್ತದೆ. ಗಟ್ಟಿ ನೆಲದಲ್ಲೇ ನಿಲ್ಲಿಸಿ, ದಾರಿ ಬಲ್ಲ ಊರವರೊಬ್ಬರನ್ನು ಕರೆದುಕೊಂಡು ನಡೆದು ಹೋಗಿ.