ಚುಕ್ಕಿ ಮಾಯವಾದ ದಿನವೇ ಎಣಿಕೆ ಶುರು

ನಮ್ಮ ಮನೆ ಉಡುಪಿಯಲ್ಲಿ. ಮಲ್ಪೆ ಕಡಲು ಕೈಗೆಟುಕುವಷ್ಟು ಹತ್ತಿರ. ಆದರೂ ಹಾಲ್‌ನಲ್ಲಿರುವ ಹವಳದ ಅಕ್ವೇರಿಯಂಗೆ ನಾನು ಪ್ಯಾಕೆಟ್ ಉಪ್ಪು ಕದಡಿ ನೀರು ಮಾಡುತ್ತೇನೆ. ಕೇಳಿದವರು ನಗುತ್ತಾರೆ. ಏನು ಮಾಡುವುದು ಮಾರಾಯ್ರೆ, ಮಳೆ ಹಿಡಿದರೆ ಹೊಳೆನೀರು ಸೇರಿ ದಡದ ನೀರಿನ ಉಪ್ಪು ಇಳಿದುಬಿಡುತ್ತದೆ, ಕೆಸರು ಬೇರೆ.

ಕಳೆದ ವರ್ಷ ಮೇ ತಿಂಗಳಲ್ಲಿ ಮಂಗಳೂರಿನಿಂದ ಒಂದು ನೀಲಿ ಟ್ಯಾಂಗ್ ಮೀನು ತಂದೆ. ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಬೇಕಿತ್ತು. ಆಸೆ ತಡೆಯಲಿಲ್ಲ, ಸೀದಾ ಒಳಗೆ ಬಿಟ್ಟೆ. ವಾರದಲ್ಲಿ ಅದರ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿಗಳು. ಕಲ್ಲಿಗೆ ಮೈ ಉಜ್ಜುತ್ತಿತ್ತು. ಯಾರೋ ಹೇಳಿದರೆಂದು ತಿಂಡಿಗೆ ಬೆಳ್ಳುಳ್ಳಿ ರಸ ಬೆರೆಸಿ ಹಾಕಿದೆ. ನಾಲ್ಕನೇ ದಿನ ಚುಕ್ಕಿಗಳೇ ಇಲ್ಲ! ಬೆಳ್ಳುಳ್ಳಿಯ ಗುಣಗಾನ ಮಾಡಿದ್ದೇ ಮಾಡಿದ್ದು. ಹತ್ತು ದಿನ ಕಳೆಯುವಷ್ಟರಲ್ಲಿ ಕ್ಲೌನ್ ಮೀನುಗಳ ಮೈತುಂಬಾ ರವೆ.

ಬೆಳ್ಳುಳ್ಳಿ ಏನೂ ಮಾಡಿರಲಿಲ್ಲ. ಪರಾವಲಂಬಿ ತನ್ನ ಊಟ ಮುಗಿಸಿ ಎದ್ದು ಹೋಗಿತ್ತು, ಅಷ್ಟೆ.

ಅದರ ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. ಒಂದೇ ಕೋಶದ ಜೀವಿ, ಮೈತುಂಬಾ ಕೂದಲಿನಂಥ ಎಳೆಗಳು. ಸಿಗಡಿ ಸಾಕುವವರು ಹೆದರುವ ವೈಟ್ ಸ್ಪಾಟ್ ರೋಗವೇ ಬೇರೆ, ಅದು ವೈರಸ್‌ನಿಂದ ಬರುವುದು. ಸಿಹಿನೀರಿನ ಮೀನಿಗೆ ಬರುವ ಬಿಳಿ ಚುಕ್ಕಿಯ ಜೀವಿಯೂ ಬೇರೆ. ನೋಡಲು ಅವಳಿಯಂತಿದ್ದರೂ ಅದು ಇದಕ್ಕೆ ಹತ್ತಿರದ ನೆಂಟನಲ್ಲ.

ಇದು ಮೀನಿನ ಚರ್ಮದ ಮೇಲೆ ಕೂರುವುದಿಲ್ಲ, ಹೊರಪದರದ ಅಡಿಗೆ ಕೊರೆದು ಹೋಗುತ್ತದೆ. ಕಿವಿರಿಗೂ ನುಗ್ಗುತ್ತದೆ. ಮೀನು ಸಾಯುವುದು ಹೆಚ್ಚಾಗಿ ಅಲ್ಲಿ ಉಸಿರು ಕಟ್ಟಿಯೇ. ಮೂರರಿಂದ ಏಳು ದಿನ ತಿಂದು ಕೊಬ್ಬಿ, ಆಮೇಲೆ ಕೆಳಗೆ ಬೀಳುತ್ತದೆ. ಮರಳು, ಕಲ್ಲು, ಪೈಪು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಅಂಟಿಕೊಂಡು ಗಟ್ಟಿ ಗೂಡು ಕಟ್ಟುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರಾರು ಮರಿಗಳಾಗುತ್ತವೆ. ಗೂಡು ಒಡೆಯುವುದು ಹೆಚ್ಚಾಗಿ ಬೆಳಕು ಹರಿಯುವ ಮುಂಚೆ, ಮೀನುಗಳು ಕಲ್ಲಿನ ಸಂದಿಯಲ್ಲಿ ನಿದ್ದೆ ಹೋಗಿರುವಾಗ. ಹೊರಬಂದ ಮರಿಗಳಿಗೆ ಒಂದೆರಡು ದಿನವಷ್ಟೇ ಆಯಸ್ಸು. ಅಷ್ಟರಲ್ಲಿ ಮೀನು ಸಿಗದಿದ್ದರೆ ಕತೆ ಮುಗಿಯಿತು. ಆದರೆ ಮಲಗಿದ ಮೀನು ಪಕ್ಕದಲ್ಲೇ ಇರುತ್ತದೆ. ಎಂಥಾ ಲೆಕ್ಕಾಚಾರ, ಅಲ್ವಾ?

ತಾಮ್ರ ಬೆರೆತ ಔಷಧಿ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. ಚರ್ಮದ ಅಡಿಯಲ್ಲಿ ಇರುವುದಕ್ಕೂ ಗೂಡಿನಲ್ಲಿ ಇರುವುದಕ್ಕೂ ಅದು ತಾಗುವುದಿಲ್ಲ. ಆದ್ದರಿಂದಲೇ ವಾರಗಟ್ಟಲೆ ಬಿಡದೆ ಹಾಕಬೇಕು. ಆದರೆ ಅದೇ ತಾಮ್ರ ಸಿಗಡಿ, ಬಸವನಹುಳು, ಹವಳಕ್ಕೆ ವಿಷ. ಮರಳು, ಕಲ್ಲು ಅದನ್ನು ಹೀರಿಕೊಂಡು ಲೆಕ್ಕವನ್ನೇ ಕೆಡಿಸುತ್ತವೆ. ಹಾಗಾಗಿ ಮೀನುಗಳನ್ನು ಹಿಡಿದು ಬೇರೆ ತೊಟ್ಟಿಗೆ ಹಾಕದೆ ದಾರಿಯಿಲ್ಲ. ನನ್ನಲ್ಲಿರುವುದು ಮೆತ್ತನೆ ಹವಳ. (ನಮ್ಮ ಕಡಲಿನ ಗಟ್ಟಿ ಹವಳ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಗೊತ್ತಿರಲಿ.) ಅದನ್ನು ಬಲಿ ಕೊಡಲು ಮನಸ್ಸಾಗಲಿಲ್ಲ.

ಮೀನುಗಳನ್ನು ಬೇರೆ ಟಬ್‌ಗೆ ಹಾಕಿ ನಾನು ಹಿಡಿದದ್ದು ಅಲ್ಲಿನ ನೀರಿನ ಉಪ್ಪು ಇಳಿಸುವ ದಾರಿ. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮೀನಿನ ರಕ್ತದಲ್ಲಿ ಅದರ ಮೂರನೇ ಒಂದು ಪಾಲು. ಅಂದರೆ ಸಮುದ್ರದ ಮೀನು ಹುಟ್ಟಿದಾಗಿನಿಂದ ನೀರು ಕುಡಿದು ಉಪ್ಪು ಹೊರಹಾಕುವುದರಲ್ಲೇ ದಣಿಯುತ್ತದೆ. ನೀರಿನ ಉಪ್ಪನ್ನು 12–13 ಗ್ರಾಂಗೆ ಇಳಿಸಿದರೆ ಆ ದಣಿವು ಕಮ್ಮಿ. ಪರಾವಲಂಬಿಗೆ ಮಾತ್ರ ಈ ವ್ಯವಸ್ಥೆ ಇಲ್ಲ. ನೀರು ಒಳನುಗ್ಗಿ ಗೂಡಿನಲ್ಲಿರುವುದು ಉಬ್ಬಿ ಸಾಯುತ್ತದೆ. ಒಂದು ಪ್ಲಾಸ್ಟಿಕ್ ಟಬ್, ಅಡಗಲು ಪಿವಿಸಿ ಪೈಪಿನ ತುಂಡುಗಳು, ಒಂದು ಫಿಲ್ಟರ್. ಎರಡು ದಿನದಲ್ಲಿ ಇಳಿಸಿದೆ. ಆಮೇಲೆ ಏರಿಸುವಾಗ ಇನ್ನೂ ನಿಧಾನ. ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಇಲ್ಲದೆ ಇದಕ್ಕೆ ಕೈಹಾಕಬೇಡಿ, ಅಂದಾಜಿನ ಕೆಲಸವಲ್ಲ ಇದು. ಇನ್ನೂ ಸಣ್ಣ, ಧೂಳಿನಂಥ ಚುಕ್ಕಿಯ ವೆಲ್ವೆಟ್ ರೋಗ ಬಂದಿದ್ದರೆ ಉಪ್ಪು ಇಳಿಸಿ ಪ್ರಯೋಜನವೂ ಇಲ್ಲ. ಅದು ದಿನಗಳಲ್ಲೇ ಕೊಲ್ಲುತ್ತದೆ, ತಾಮ್ರವೇ ಬೇಕು.

ಇತ್ತ ಹಾಲ್‌ನ ತೊಟ್ಟಿಯಲ್ಲಿ ಮೀನಿಲ್ಲ. ಹವಳ, ಸಿಗಡಿ ಮಾತ್ರ. ಅವುಗಳ ಮೈ ಈ ಪರಾವಲಂಬಿಗೆ ಆಗಿಬರುವುದಿಲ್ಲ. ಗೂಡುಗಳು ಒಡೆಯಲಿ, ಮರಿಗಳು ಅನ್ನವಿಲ್ಲದೆ ಸಾಯಲಿ ಎಂದು ಸುಮ್ನೆ ಬಿಡಬೇಕು. ಎಷ್ಟು ದಿನ? ಹೆಚ್ಚಿನ ಗೂಡು ತಿಂಗಳೊಳಗೆ ಒಡೆಯುತ್ತವೆ. ಆದರೆ ಪ್ರಯೋಗಾಲಯದಲ್ಲಿ 72ನೇ ದಿನಕ್ಕೆ ಒಡೆದದ್ದೂ ದಾಖಲಾಗಿದೆ. ಹಾಗಾಗಿ ಹವ್ಯಾಸಿಗಳು 76 ದಿನ ಎನ್ನುತ್ತಾರೆ.

ನನ್ನ ಎಣಿಕೆ ಶುರುವಾದದ್ದು ಜೂನ್ 1ಕ್ಕೆ, ಕಡಲಿನಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾದ ದಿನವೇ. ದಿನಾ ಟಬ್‌ನ ನೀರು ಬದಲಿಸುವುದು, ಅಮೋನಿಯಾ ಪರೀಕ್ಷೆ, ಗುಡುಗಿಗೆ ಕರೆಂಟ್ ಹೋದರೆ ಬ್ಯಾಟರಿ ಪಂಪಿಗೆ ಓಟ. 61 ದಿನ ಮುಗಿದು ಮಲ್ಪೆ ಬಂದರಿನಿಂದ ಬೋಟುಗಳು ಹೊರಟವು. ನನ್ನ ಟ್ಯಾಂಗ್ ಇನ್ನೂ ಟಬ್‌ನಲ್ಲೇ, ಪೈಪಿನೊಳಗಿಂದ ಮೂತಿ ಹೊರಗೆ ಹಾಕಿಕೊಂಡು. ಅದಕ್ಕೆ ಇನ್ನೂ ಹದಿನೈದು ದಿನ ಬಾಕಿ ಇತ್ತು.