ಜಿಪುಣ ಎಲೆ, ಖರ್ಚಿನ ಗಿಡ

ವಿಜಯಪುರದ ನಮ್ಮ ಹಿತ್ತಲಲ್ಲಿ ಒಂದು ನೀಲಗಿರಿ ಗಿಡ ಇದೆ. ಮನೆ ಕೊಂಡಾಗಲೇ ಅದು ಎರಡು ಮಾಳಿಗೆ ಎತ್ತರ ಬೆಳೆದಿತ್ತು. ಅದರ ಬಗ್ಗೆ ಓಣಿಯಲ್ಲಿ ಎರಡು ಮಾತು. ಎಡಗಡೆ ಮನೆಯ ಆಯಿ, "ಅದನ್ನ ಕಡಸೋ ತಮ್ಮಾ, ಆ ಗಿಡ ಇದ್ದಲ್ಲಿ ಮಳಿ ಆಗಂಗಿಲ್ಲ" ಅನ್ನುತ್ತಾರೆ. ಬಲಗಡೆ ಮನೆಯ ಕಾಕಾ, "ಇರಲಿ ಬಿಡಪಾ, ಸೊಳ್ಳಿ ಬರಂಗಿಲ್ಲ" ಅನ್ನುತ್ತಾರೆ. ಎರಡೂ ನಿಜವಲ್ಲ.

ಸೊಳ್ಳೆಯ ಮಾತು ಬಹಳ ಹಳೆಯದು. ಮಲೇರಿಯಾ ಅಂದರೆ ಇಟಲಿ ಭಾಷೆಯಲ್ಲಿ ಕೆಟ್ಟ ಗಾಳಿ. ಜೌಗಿನಿಂದ ಏಳುವ ಕೆಟ್ಟ ಗಾಳಿಯೇ ಜ್ವರ ತರುತ್ತದೆ ಅಂತ ಆಗ ನಂಬಿದ್ದರು. ಘಾಟು ವಾಸನೆಯ ನೀಲಗಿರಿ ಆ ಗಾಳಿಯನ್ನು ಶುದ್ಧ ಮಾಡುತ್ತದೆ ಅಂತ, 19ನೇ ಶತಮಾನದ ಕೊನೆಯಲ್ಲಿ ರೋಮ್ ಹತ್ತಿರದ ತ್ರೇ ಫೊಂತಾನೆ ಮಠದ ಸನ್ಯಾಸಿಗಳು ತೋಪುಗಳನ್ನೇ ಬೆಳೆಸಿದರು. 1897ರಲ್ಲಿ ರೊನಾಲ್ಡ್ ರಾಸ್ ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡರು. ಕೆಟ್ಟ ಗಾಳಿಯ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ನಮ್ಮ ಓಣಿಯಲ್ಲಿ ಇನ್ನೂ ಮುಗಿದಿಲ್ಲ, ಅದೇ ನನ್ನ ಚಿಂತೆ. ನೀಲಗಿರಿ ಎಣ್ಣೆ ಎಲೆಯೊಳಗಿನ ಸಣ್ಣ ಸಣ್ಣ ಚೀಲಗಳಲ್ಲಿ ಇರುತ್ತದೆ. ಎಲೆ ಹಿಸುಕಿದರೆ ಘಮ್ ಅನ್ನುತ್ತದೆ. ಸುಮ್ನೆ ನಿಂತ ಗಿಡ ಅಂಗಳದ ಸೊಳ್ಳೆ ಓಡಿಸುವುದಿಲ್ಲ. ತೊಟ್ಟಿಯ ನೀರು ಚೆಲ್ಲಿ, ಅದೇ ಮದ್ದು.

ಇನ್ನು ಮಳೆ ಮತ್ತು ನೀರಿನ ಮಾತು. ಇದಕ್ಕೆ ಮೊದಲು ಎಲೆ ನೋಡಬೇಕು. ನೀಲಗಿರಿಯ ಬಲಿತ ಎಲೆ ಕುಡುಗೋಲಿನ ಹಾಗೆ ಬಾಗಿ, ನೆಲದ ಕಡೆ ಜೋತು ಬಿದ್ದಿರುತ್ತದೆ. ಏಪ್ರಿಲ್ ಮಧ್ಯಾಹ್ನ ಒಂದು ಖಡಕ್ ರೊಟ್ಟಿಯನ್ನು ಬಿಸಿಲಿಗೆ ಅಗಲವಾಗಿ ಹಿಡಿಯಿರಿ. ನೆಲದ ಮೇಲೆ ದುಂಡು ನೆರಳು. ಅದನ್ನೇ ನೆಟ್ಟಗೆ ತಿರುಗಿಸಿ. ನೆರಳು ಒಂದು ಗೆರೆ ಅಷ್ಟೇ. ಅಂದರೆ ರೊಟ್ಟಿಗೆ ಬೀಳುವ ಬಿಸಿಲೂ ಅಷ್ಟೇ. ನೀಲಗಿರಿ ಕೆಳಗೆ ನೆರಳಿಲ್ಲ ಅಂತ ದೂರುತ್ತೇವಲ್ಲ, ಕಾರಣ ಇದೇ. ನೆತ್ತಿಯ ಸೂರ್ಯನಿಗೆ ಎಲೆ ಬರೀ ಅಂಚನ್ನು ಕೊಡುತ್ತದೆ. ಬೆಳಗಿನ, ಸಂಜೆಯ ತಂಪು ಬಿಸಿಲಿಗೆ ಮಾತ್ರ ಮುಖ ಒಡ್ಡುತ್ತದೆ. ಬೆಳಿಗ್ಗೆ ಒಂದು ಮುಖ, ಸಂಜೆ ಇನ್ನೊಂದು. ಹಾಗಾಗಿ ಇದಕ್ಕೆ ಎರಡೂ ಕಡೆ ಅಡುಗೆಮನೆ, ಎರಡೂ ಕಡೆ ಉಸಿರಾಡುವ ರಂಧ್ರ. ಮಾವಿನ ಎಲೆಗೆ ರಂಧ್ರ ಇರುವುದು ಕೆಳಮುಖದಲ್ಲಿ. ನಮ್ಮ ಹಳೆಯ ವಾಡೆಗಳಲ್ಲಿ ಮುಂದೊಂದು, ಹಿಂದೊಂದು ಬಾಗಿಲು ಇರುತ್ತಿತ್ತು, ಅಲ್ವಾ? ಹಾಗೆ.

ಇಷ್ಟು ಜಿಪುಣ ಎಲೆ ಇರುವ ಗಿಡ ನೀರು ಜಾಸ್ತಿ ಕುಡಿಯುವುದು ಹೇಗೆ? ನನಗೆ ಬಹಳ ಇಷ್ಟವಾದ ಒಗಟು ಇದು. ಎಲೆ ಬಿಸಿಲಿಗೆ ಬಾಡಿ ಸುಡುವುದಿಲ್ಲ, ಆದ್ದರಿಂದ ಬೇಸಿಗೆಯಲ್ಲಿ ಉದುರಿಸಿ ಬೋಳಾಗುವ ಗರಜೂ ಇಲ್ಲ. ಅಂಗಡಿ ವರ್ಷವಿಡೀ ತೆರೆದೇ ಇರುತ್ತದೆ. ಹಿಂಗಾರಿ ಜೋಳವನ್ನು ನೆನೆಸಿಕೊಳ್ಳಿ. ಎರೆ ಮಣ್ಣು ಹಿಡಿದಿಟ್ಟ ಹಸಿಯಲ್ಲೇ ಅದು ತೆನೆ ಕಟ್ಟುತ್ತದೆ. ನೀಲಗಿರಿಯೂ ಅದೇ ಗಂಟಿನಿಂದ ತೆಗೆಯುತ್ತದೆ. ಜೋಳ ನಾಲ್ಕು ತಿಂಗಳಿಗೆ ಕೈ ಬಿಡುತ್ತದೆ. ನೀಲಗಿರಿ ಹನ್ನೆರಡೂ ತಿಂಗಳು ತೆಗೆಯುತ್ತದೆ, ಬೇರು ಇಳಿಸುತ್ತಾ ಹೋಗುತ್ತದೆ. ಹೊಸಕೋಟೆ ಹತ್ತಿರದ ತೋಪುಗಳಲ್ಲಿ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಇದನ್ನು ಅಳೆದರು. ಗಿಡಗಳು ಬಳಸಿದ ನೀರು ಅಲ್ಲಿ ಬಿದ್ದ ಮಳೆಗಿಂತ ಜಾಸ್ತಿ ಇತ್ತು. ಹಿಂದಿನ ವರ್ಷಗಳ ಹಸಿಯನ್ನು ಬೇರು ಆಳದಿಂದ ಎತ್ತಿತ್ತು. ಮಣ್ಣಿನ ಆಳ ಕಡಿಮೆ ಇದ್ದ ಜಾಗಗಳಲ್ಲಿ ಮಾತ್ರ ಇದರ ಖರ್ಚು ನಾಡ ಕಾಡಿನಷ್ಟೇ. ಅಂದರೆ ಆಯಿ ಹೇಳುವ ಹಾಗಲ್ಲ, ಗಿಡ ಮೋಡ ತಡೆಯುವುದಿಲ್ಲ. ಬಿದ್ದ ಮಳೆಯನ್ನು ನೆಲದಲ್ಲಿ ಉಳಿಯಗೊಡುವುದಿಲ್ಲ.

ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಹಾಗಾಗಿ ಹೊಸ ಸಸಿಯ ಮಾತು ಬೇಡ. ಇರುವ ಗಿಡಕ್ಕೆ ನೀರು ಹಾಕಬೇಡಿ, ಅದಕ್ಕೆ ಬೇಕಿಲ್ಲ. ತೊಗಟೆ ಪಟ್ಟಿ ಪಟ್ಟಿಯಾಗಿ ಸುಲಿದರೆ ರೋಗ ಅಂತ ಗಾಬರಿ ಆಗಬೇಡಿ, ಅದು ಅದರ ಸ್ವಭಾವ. ಉದುರಿದ ಎಲೆ, ತೊಗಟೆ ಮಾತ್ರ ಆಗಾಗ ಗುಡಿಸಿ. ಎಣ್ಣೆ ಇರುವುದರಿಂದ ಬೇಗ ಬೆಂಕಿ ಹಿಡಿಯುತ್ತದೆ. ದೊಡ್ಡ ಟೊಂಗೆ ಗಾಳಿಯಿಲ್ಲದ ಬೇಸಿಗೆ ಮಧ್ಯಾಹ್ನವೂ ಮುರಿದು ಬೀಳಬಹುದು. ಬೈಕನ್ನು ಅದರ ಕೆಳಗೆ ನಿಲ್ಲಿಸಬೇಡಿ.

ನಮ್ಮ ಕಡೆ ಇನ್ನೊಂದು ಅಪಾಯ ಇದೆ. ಎರೆ ಮಣ್ಣು ಒಣಗಿದರೆ ಕುಗ್ಗಿ ಬಿರಿಯುತ್ತದೆ, ನೆನೆದರೆ ಉಬ್ಬುತ್ತದೆ. ಗಿಡ ಪಾಯದ ಹತ್ತಿರ ಇದ್ದರೆ ಅಲ್ಲಿಯ ಹಸಿ ಎಳೆದು ಆ ಕುಗ್ಗುವಿಕೆಯನ್ನು ಹೆಚ್ಚು ಮಾಡುತ್ತದೆ. ನಮ್ಮ ಹಿಂದಿನ ಗೋಡೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತು. ಹಾಗಾಗಿ ಗಿಡಕ್ಕೂ ಪಾಯಕ್ಕೂ ನಡುವೆ ಗಿಡದ ಎತ್ತರದಷ್ಟಾದರೂ ಅಂತರ ಇರಬೇಕು ಅನ್ನುತ್ತೇನೆ.

ಕೊನೆಗೆ ಹೋದ ಚಳಿಗಾಲ ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿಸಿದೆ. ತಿಂಗಳೆರಡರಲ್ಲಿ ಬುಡದಿಂದ ಹತ್ತಾರು ಚಿಗುರು ಎದ್ದವು. ಎಳೆಯ ಎಲೆಗಳು ಅಗಲ, ಇನ್ನೂ ಜೋತು ಬಿದ್ದಿಲ್ಲ. ಮಧ್ಯಾಹ್ನ ಅವುಗಳ ಕೆಳಗೆ ಸಣ್ಣದೊಂದು ನೆರಳು ಬೀಳುತ್ತದೆ. ಆಯಿಯ ಬೆಕ್ಕು ಈಗ ಅಲ್ಲೇ ಮಲಗುತ್ತದೆ.