ಹಳೆಯ ಲ್ಯಾಪ್‌ಟಾಪ್ ಕಾಯುತ್ತಿರುವುದು ಯಾವುದಕ್ಕಾಗಿ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಕೊಂಡು ಎಂಟು ವರ್ಷಗಳಾಗಿವೆ. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಇದೆ. ಆನ್ ಮಾಡಿದ ಮೇಲೆ ಕೆಲಸಕ್ಕೆ ಸಿಗಲು ಐದಾರು ನಿಮಿಷ ಹಿಡಿಯುತ್ತದೆ. ಬ್ರೌಸರ್ ತೆರೆದರೆ ಮತ್ತೆ ಕಾಯಬೇಕು. ಒಬ್ಬರು ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ರ‍್ಯಾಮ್ ಹೆಚ್ಚಿಸಿ ಎನ್ನುತ್ತಾರೆ, ಮತ್ತೊಬ್ಬರು ಹೊಸದನ್ನೇ ಕೊಳ್ಳಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರೂ ಯಂತ್ರವನ್ನು ನೋಡದೆಯೇ ಮದ್ದು ಹೇಳಿದ್ದಾರೆ. ಲೆಕ್ಕ ಮಾಡುವ ಮುಖ್ಯ ಚಿಪ್ ಆದ ಪ್ರೊಸೆಸರ್ ಮನುಷ್ಯರಂತೆ ವಯಸ್ಸಾದ ಮಾತ್ರಕ್ಕೆ ಸೋಲುವ ವಸ್ತುವಲ್ಲ. ಕೊಂಡ ದಿನ ಅದು ಎಷ್ಟು ವೇಗವಾಗಿ ಲೆಕ್ಕ ಮಾಡುತ್ತಿತ್ತೋ, ತಂಪಾಗಿದ್ದರೆ ಇಂದೂ ಅಷ್ಟೇ ವೇಗವಾಗಿ ಮಾಡುತ್ತದೆ. ಬದಲಾಗಿರುವುದು ಅದರ ಸುತ್ತಲಿನ ಪರಿಸ್ಥಿತಿ. ತಂತ್ರಾಂಶಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗಿವೆ, ಡಿಸ್ಕ್ ಸವೆದಿದೆ, ಫ್ಯಾನಿನ ದಾರಿಯಲ್ಲಿ ಧೂಳು ಕೂತಿದೆ. ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ನಾವು ಹೇಳುವ ಹೊತ್ತಿನಲ್ಲಿ ಪ್ರೊಸೆಸರ್ ಬಹುಪಾಲು ಕೈಕಟ್ಟಿ ಕೂತು ಯಾವುದಕ್ಕೋ ಕಾಯುತ್ತಿರುತ್ತದೆ. ಅದು ಯಾವುದಕ್ಕೆ ಕಾಯುತ್ತಿದೆ ಎಂದು ತಿಳಿಯದೆ ಹಣ ಹಾಕಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತಾಗುತ್ತದೆ.

ತಿಳಿಯುವ ಉಪಾಯ ವಿಂಡೋಸ್‌ನಲ್ಲೇ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಲ್ಯಾಪ್‌ಟಾಪ್ ಅತಿ ಹೆಚ್ಚು ಸತಾಯಿಸುವ ಗಳಿಗೆಯಲ್ಲೇ ಅದನ್ನು ತೆರೆದು, ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್ ಎಂಬ ಮೂರು ಕಾಲಂಗಳ ಮೇಲಿರುವ ಶೇಕಡಾವಾರು ಅಂಕಿಗಳನ್ನು ಎರಡು ನಿಮಿಷ ಸುಮ್ಮನೆ ನೋಡಿ. ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ, ಸಿಪಿಯು ಶೇ. 20ರ ಆಸುಪಾಸಿನಲ್ಲಿದ್ದು ಡಿಸ್ಕ್ ಮಾತ್ರ ಶೇ. 100ಕ್ಕೆ ಅಂಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ವಿಚಿತ್ರವೆಂದರೆ, ಅದೇ ಹೊತ್ತಿನಲ್ಲಿ ಡಿಸ್ಕಿನಿಂದ ಬರುತ್ತಿರುವ ದತ್ತಾಂಶ ಸೆಕೆಂಡಿಗೆ ಒಂದೆರಡು ಎಂಬಿಯನ್ನೂ ಮೀರಿರುವುದಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಅಷ್ಟೊಂದು ಏದುಸಿರು ಏಕೆ?

ಕಾರಣ ಡಿಸ್ಕಿನ ರಚನೆಯಲ್ಲಿದೆ. ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್‌ಗಳಲ್ಲಿ ಹೆಚ್ಚಿನವುಗಳ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ಬೇಕು. ಬೇಕಾದ ಕಡತದ ತುಣುಕು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡ್ ಹೋಗುತ್ತದೆ. ಹೀಗಾಗಿ ಅಲ್ಲಲ್ಲಿ ಚದುರಿದ ತುಣುಕುಗಳನ್ನು ಓದುವಾಗ ಸೆಕೆಂಡಿಗೆ ಅರವತ್ತಕ್ಕಿಂತ ಹೆಚ್ಚು ಬಾರಿ ಓದುವುದೇ ಕಷ್ಟ. ಪ್ರತಿ ಬಾರಿ 4 ಕೆಬಿ ಸಿಕ್ಕಿತೆಂದುಕೊಂಡರೂ ಕಾಲು ಎಂಬಿಯಷ್ಟೂ ಆಗದು. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಇಂಥ ಸಾವಿರಾರು ಸಣ್ಣ ತುಣುಕುಗಳೇ. ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲೇ ದತ್ತಾಂಶ ಇಡುವ ಎಸ್ಎಸ್‌ಡಿಯಲ್ಲಿ ಇದೇ ಓದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಸಮಯದಲ್ಲಿ ಮುಗಿಯುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿದಾಗ ಐದು ನಿಮಿಷದ ಕಾಯುವಿಕೆ ಅರ್ಧ ನಿಮಿಷಕ್ಕೆ ಇಳಿಯುವುದರ ಗುಟ್ಟು ಇಷ್ಟೇ. ಹಳೆಯ ಲ್ಯಾಪ್‌ಟಾಪ್‌ಗೆ ಒಂದೇ ಒಂದು ಬಿಡಿಭಾಗ ಕೊಳ್ಳುವಷ್ಟು ಮಾತ್ರ ಹಣವಿದೆ ಎಂದರೆ, ನಾನು ಎರಡನೆಯ ಯೋಚನೆಯಿಲ್ಲದೆ ಇದನ್ನೇ ಹೇಳುತ್ತೇನೆ.

ಕೊಳ್ಳುವ ಮುನ್ನ ನೋಡಬೇಕಾದ್ದು ಗಾತ್ರ ಮತ್ತು ಜೋಡಣೆಯ ಬಗೆ. ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೆ ಅದೇ ಗಾತ್ರದ, ಸಾಟಾ ಎಂಬ ಜೋಡಣೆಯ ಎಸ್ಎಸ್‌ಡಿ ನೇರವಾಗಿ ಕೂರುತ್ತದೆ. ಅದು 7 ಮಿಲಿಮೀಟರ್ ದಪ್ಪವಿದ್ದು ಹಳೆಯ ಡಿಸ್ಕ್ 9.5 ಮಿಲಿಮೀಟರ್ ಇದ್ದರೆ ತೆಳುವಾದ ಒಂದು ಚೌಕಟ್ಟು ಸಾಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಂ.2 ಎಂಬ ಪಟ್ಟಿಯಂಥ ಎಸ್ಎಸ್‌ಡಿಗೂ ಸ್ಲಾಟ್ ಇರುತ್ತದೆ. ಆದರೆ ಒಂದೇ ಆಕಾರದಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆಯ ಜೋಡಣೆಗಳಿದ್ದು, ಒಂದರ ಸ್ಲಾಟಿನಲ್ಲಿ ಮತ್ತೊಂದು ಕೆಲಸ ಮಾಡದೇ ಹೋಗಬಹುದು. ಲ್ಯಾಪ್‌ಟಾಪ್ ಮಾದರಿಯ ಕೈಪಿಡಿಯನ್ನು ನೋಡದೆ ಎಂ.2 ಕೊಳ್ಳಬೇಡಿ.

ರ‍್ಯಾಮ್ ಹೆಚ್ಚಿಸಿ ಎಂದವರ ಮಾತನ್ನೂ ತಳ್ಳಿಹಾಕುವಂತಿಲ್ಲ. 4 ಜಿಬಿ ಎಂಬುದು ಇಂದಿನ ಒಂದು ಬ್ರೌಸರ್ ಮತ್ತು ಅದರ ಹತ್ತು ಟ್ಯಾಬ್‌ಗಳಿಗೇ ಸಾಲದು. ರ‍್ಯಾಮ್ ತುಂಬಿದಾಗ ವಿಂಡೋಸ್ ಅದರೊಳಗಿನ ಒಂದಿಷ್ಟನ್ನು ಡಿಸ್ಕಿಗೆ ಬರೆದಿಟ್ಟು, ಬೇಕಾದಾಗ ವಾಪಸು ತರುತ್ತದೆ. ಹೀಗಾಗಿ ರ‍್ಯಾಮಿನ ಕೊರತೆಯೂ ಡಿಸ್ಕಿನ ಶೇ. 100ರ ರೂಪದಲ್ಲೇ ಕಾಣಿಸಿಕೊಂಡು ನಮ್ಮನ್ನು ದಾರಿ ತಪ್ಪಿಸುತ್ತದೆ. ಡಿಸ್ಕಿನ ಜೊತೆಗೆ ಮೆಮೊರಿಯೂ ಶೇ. 85-90ರ ಮೇಲೆಯೇ ಇದ್ದರೆ ಎರಡೂ ಬೇಕು ಎಂದು ತಿಳಿಯಿರಿ. 8 ಜಿಬಿ ಇದ್ದರೆ ದಿನನಿತ್ಯದ ಕೆಲಸ ನಡೆಯುತ್ತದೆ. ಡಿಡಿಆರ್3 ಮತ್ತು ಡಿಡಿಆರ್4 ಎಂಬ ಎರಡು ಪೀಳಿಗೆಯ ರ‍್ಯಾಮ್ ಪಟ್ಟಿಗಳ ಕಚ್ಚುಗಳು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಬದಲು ಮತ್ತೊಂದು ಕೂರುವುದಿಲ್ಲ. ತೆಳುವಾದ ಅನೇಕ ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಹೆಚ್ಚಿಸುವ ಮಾತೇ ಬರುವುದಿಲ್ಲ.

ಹಣ ಖರ್ಚಾಗದ ಕೆಲಸಗಳೂ ಕೆಲವಿವೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ವಿಭಾಗದಲ್ಲಿ, ನೀವು ಕರೆಯದೆಯೇ ಬಂದು ಕೂರುವ ತಂತ್ರಾಂಶಗಳ ಪಟ್ಟಿ ಇರುತ್ತದೆ. ಆಂಟಿವೈರಸ್ ಮತ್ತು ಟಚ್‌ಪ್ಯಾಡ್, ಧ್ವನಿ ಮುಂತಾದವುಗಳಿಗೆ ಸಂಬಂಧಿಸಿದವನ್ನು ಬಿಟ್ಟು ಉಳಿದವನ್ನು ಅಲ್ಲೇ ನಿಷ್ಕ್ರಿಯಗೊಳಿಸಬಹುದು. ಎರಡೆರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ವ್ಯವಸ್ಥೆ ಚಾಲ್ತಿಯಲ್ಲಿರುವ ಕಡೆ, ಶಟ್‌ಡೌನ್ ಮಾಡಿದರೂ ವಿಂಡೋಸ್‌ನ ಒಳತಿರುಳು ಪೂರ್ತಿ ಮುಚ್ಚುವುದಿಲ್ಲ. ಅದು ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ದಿನವೂ ತಪ್ಪದೆ ಶಟ್‌ಡೌನ್ ಮಾಡುತ್ತೇನೆ ಎಂದು ಆಣೆ ಇಟ್ಟ ಗೆಳೆಯರೊಬ್ಬರ ಲ್ಯಾಪ್‌ಟಾಪಿನಲ್ಲಿ, ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದ ಕೆಳಗಿನ ಅಪ್ ಟೈಮ್ (ಕೊನೆಯ ಹೊಸ ಆರಂಭದಿಂದ ಕಳೆದ ಸಮಯ) ಎಂಬಲ್ಲಿ 23 ದಿನ ಎಂದಿತ್ತು. ಅವರು ಸುಳ್ಳು ಹೇಳಿರಲಿಲ್ಲ. ನಿಜವಾದ ಹೊಸ ಆರಂಭ ಸಿಗುವುದು ರೀಸ್ಟಾರ್ಟ್ ಮಾಡಿದಾಗ. ವಾರಕ್ಕೊಮ್ಮೆಯಾದರೂ ಅದನ್ನು ಮಾಡಿ.

ನಿಮ್ಮ ಲ್ಯಾಪ್‌ಟಾಪ್ ಶುರುವಿನಲ್ಲಿ ಚೆನ್ನಾಗಿದ್ದು ಹತ್ತು ಹದಿನೈದು ನಿಮಿಷಗಳ ಬಳಿಕ ಕುಂಟತೊಡಗುತ್ತದೆ ಎನ್ನುವುದಾದರೆ, ಕಾರಣ ಡಿಸ್ಕಿಗಿಂತ ಬಿಸಿಯೇ ಆಗಿರುವ ಸಾಧ್ಯತೆ ಹೆಚ್ಚು. ಪ್ರೊಸೆಸರ್‌ನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಹೋದಾಗ ಅದು ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಗಿಗಾಹರ್ಟ್ಸ್ ಅಂಕಿ ಧುತ್ತನೆ ಇಳಿಯುವುದನ್ನು ಆಗ ಕಣ್ಣಾರೆ ನೋಡಬಹುದು. ನನ್ನದೇ ಹಳೆಯ ಲ್ಯಾಪ್‌ಟಾಪಿನ ತಳ ಬಿಚ್ಚಿದಾಗ, ಹೊರಗಿನಿಂದ ನೋಡಿದರೆ ಜಾಲರಿ ಸ್ವಚ್ಛವಾಗಿಯೇ ಇತ್ತು. ಆದರೆ ಫ್ಯಾನಿಗೂ ತಾಮ್ರದ ಕೊಳವೆಯ ತುದಿಯ ತೆಳು ರೆಕ್ಕೆಗಳಿಗೂ ನಡುವೆ, ಬೆರಳಿನಿಂದ ಒಂದೇ ತುಂಡಾಗಿ ಎಳೆದು ತೆಗೆಯಬಹುದಾದ ಕಂಬಳಿಯಂಥ ಧೂಳಿನ ಪಟ್ಟಿ ಕೂತಿತ್ತು. ಹೊರಗಿನಿಂದ ಗಾಳಿ ಊದಿದ್ದರೆ ಅದು ಇನ್ನಷ್ಟು ಒಳಕ್ಕೆ ಸರಿಯುತ್ತಿತ್ತೇ ಹೊರತು ಬರುತ್ತಿರಲಿಲ್ಲ. ಬಿಚ್ಚಿದ ಮೇಲೆ ಮೊದಲು ಬ್ಯಾಟರಿಯ ತಂತಿಯನ್ನು ಕಳಚಬೇಕು; ಗಾಳಿ ಊದುವಾಗ ಫ್ಯಾನ್ ಗಿರಗಿರನೆ ತಿರುಗದಂತೆ ಬೆರಳಿನಿಂದ ಹಿಡಿಯಬೇಕು. ಪ್ರೊಸೆಸರ್ ಮತ್ತು ತಾಮ್ರದ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಹೋಗಿದ್ದರೆ ಒರೆಸಿ ಹೊಸದು ಹಚ್ಚಬೇಕು. ಬಿಚ್ಚುವ ಅಭ್ಯಾಸ ಇಲ್ಲದವರು ಇದನ್ನು ರಿಪೇರಿ ಬಲ್ಲವರಿಂದ ಮಾಡಿಸುವುದು ಮೇಲು. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದಂತೆ ಕಂಡರಂತೂ ಬ್ಯಾಟರಿ ಊದಿಕೊಂಡಿರುವ ಸಂಭವವಿದೆ. ಆಗ ವೇಗದ ಚಿಂತೆ ಬಿಟ್ಟು ಬಳಕೆ ನಿಲ್ಲಿಸಿ ಬ್ಯಾಟರಿ ಬದಲಿಸಿ.

ಫಾರ್ಮ್ಯಾಟ್ ಮಾಡಿದರೆ ಕೆಲ ದಿನ ಹಗುರವೆನಿಸುವುದು ನಿಜ, ಏಕೆಂದರೆ ಕಸವೆಲ್ಲ ಹೋಗಿರುತ್ತದೆ. ಆದರೆ ಅದೇ ಡಿಸ್ಕಿನ ಮೇಲೆ ಅದೇ ತಂತ್ರಾಂಶಗಳನ್ನು ಮತ್ತೆ ಹಾಕಿದ ಮೇಲೆ ತಟ್ಟೆಯೇನೂ ಜೋರಾಗಿ ತಿರುಗುವುದಿಲ್ಲ. ಹೇಗೂ ಎಸ್ಎಸ್‌ಡಿ ಹಾಕಿಸುವಾಗ ಹಳೆಯದನ್ನು ನಕಲು ಮಾಡುವ ಬದಲು ವಿಂಡೋಸನ್ನು ಹೊಸದಾಗಿ ಹಾಕಿಕೊಂಡರೆ ಎರಡೂ ಲಾಭ ಒಮ್ಮೆಗೇ ಸಿಗುತ್ತವೆ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಸ್ವಚ್ಛಗೊಳಿಸಿ ವೇಗ ಹೆಚ್ಚಿಸುತ್ತೇವೆ ಎನ್ನುವ ತಂತ್ರಾಂಶಗಳ ಹತ್ತಿರ ಸುಳಿಯಬೇಡಿ. ಅಂಥವುಗಳ ಬಳಕೆಯನ್ನು ಮೈಕ್ರೋಸಾಫ್ಟ್ ಕೂಡ ಬೆಂಬಲಿಸುವುದಿಲ್ಲ.

ಹೊಸದನ್ನು ಕೊಳ್ಳುವ ಪ್ರಶ್ನೆ ಏಳುವುದು ಸಿಪಿಯು ಅಂಕಿಯೇ ಸದಾ ಶೇ. 100ರಲ್ಲಿ ನಿಂತಾಗ, ಇಲ್ಲವೇ ವಿಂಡೋಸ್‌ನ ಆವೃತ್ತಿಯ ವಿಷಯದಲ್ಲಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಆದರೆ ಹೆಚ್ಚೂಕಡಿಮೆ ಎಂಟನೆಯ ಪೀಳಿಗೆಯ ಪ್ರೊಸೆಸರ್ ಅಥವಾ ಅದರ ನಂತರದ್ದೇ ಬೇಕು. ನಿಮ್ಮದು ಸರಿಯಾಗಿ ಆ ಗಡಿಯ ಮೇಲಿರುವ ವಯಸ್ಸಿನದಾದ್ದರಿಂದ, ಎಸ್ಎಸ್‌ಡಿ ಕೊಳ್ಳುವ ಮುಂಚೆಯೇ ಪ್ರೊಸೆಸರ್‌ನ ಹೆಸರನ್ನು ನೋಡಿಕೊಳ್ಳಿ. ಪ್ರೊಸೆಸರ್ ಆ ಗಡಿಗಿಂತ ಹಳೆಯದಾಗಿದ್ದರೂ ಬ್ರೌಸರ್, ಬರವಣಿಗೆ, ಲೆಕ್ಕಪತ್ರದಷ್ಟೇ ಕೆಲಸವಿದ್ದರೆ ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಳೆಯ ಯಂತ್ರದಲ್ಲಿ ನೆಮ್ಮದಿಯಾಗಿ ನಡೆಯುತ್ತದೆ. ಅದನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ, ಹಿಡಿಸಿದರೆ ಆಮೇಲೆ ಸ್ಥಾಪಿಸಬಹುದು.

ಯಾವ ದಾರಿ ಹಿಡಿದರೂ, ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಮುಖ್ಯ ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಡಿ. ಎಂಟು ವರ್ಷ ತಿರುಗಿದ ಡಿಸ್ಕ್ ನಿಧಾನವಾಗಿರುವುದಕ್ಕೆ ಅದು ಕೆಡುತ್ತಿರುವುದೂ ಕಾರಣವಿರಬಹುದು. ಪರೀಕ್ಷಿಸಿದಾಗ ಅದು ಗಟ್ಟಿಯಾಗಿಯೇ ಇದೆ ಎಂದು ತಿಳಿದುಬಂದರೆ ಎಸೆಯಬೇಡಿ. ಯುಎಸ್‌ಬಿ ಕೇಸಿನೊಳಗೆ ಹಾಕಿ, ಬೇರೆಡೆ ಈಗಾಗಲೇ ಒಂದು ಪ್ರತಿ ಇರುವ ಫೋಟೊ, ವಿಡಿಯೊಗಳ ಎರಡನೆಯ ಪ್ರತಿ ಇಡಲು ಬಳಸಿಕೊಳ್ಳಿ.